ಹೆಬ್ಬಾಳದ ಸೀರಂ, ನಿಧಾನದ ಕಾಯಿಲೆ

ಮೇಖ್ರಿ ವೃತ್ತದಿಂದ ಬಳ್ಳಾರಿ ರಸ್ತೆ ಹಿಡಿದು ಹೊರಟರೆ ಹೆಬ್ಬಾಳ ಮುಟ್ಟುವಷ್ಟರಲ್ಲಿ ದನಕುರಿಗಳ ಆರೋಗ್ಯಕ್ಕೆಂದೇ ಕಟ್ಟಿದ ಒಂದು ಊರು ಎದುರಾಗುತ್ತದೆ. 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜು, ರಾಜ್ಯಕ್ಕೆಲ್ಲ ಲಸಿಕೆ ತಯಾರಿಸಿ ಕಳಿಸುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ, ಕಾಲುಬಾಯಿ ಬೇನೆಯ ಲಸಿಕೆಗೆ ಹೆಸರಾದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ (ಐವಿಆರ್‌ಐ) ಶಾಖೆ, ಎಲ್ಲವೂ ಇಲ್ಲೇ. ಮೇಲ್ಸೇತುವೆಯ ಮೇಲೆ ವಿಮಾನ ನಿಲ್ದಾಣದ ಟ್ಯಾಕ್ಸಿಗಳು ಹರಿಯುತ್ತವೆ. ಕೆಳಗೆ, ಆರ್.ಟಿ. ನಗರ, ಗಂಗಾನಗರದ ಮನೆಗಳಿಗೆ ಅಂಟಿಕೊಂಡ ಕಾಂಪೌಂಡುಗಳೊಳಗೆ, ನೂರು ವರ್ಷಗಳಿಂದ ಒಂದೇ ಬಗೆಯ ಕೆಲಸ ನಡೆದಿದೆ: ಪ್ರಾಣಿಯ ರಕ್ತ ತೆಗೆದು, ಅದರಿಂದ ತಿಳಿಹಳದಿ ನೀರನ್ನು ಬೇರ್ಪಡಿಸುವುದು.

ಆ ತಿಳಿಹಳದಿ ನೀರೇ ಸೀರಂ. ಲಸಿಕೆ ಸಂಸ್ಥೆಯ ಮೂಲವೂ ಅದೇ. 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದಾಗ ಅದರ ಹೆಸರು ಮೈಸೂರು ಸೀರಂ ಸಂಸ್ಥೆ. ಆಗಿನ ಶತ್ರು ರೈತರ ಬಾಯಲ್ಲಿ ‘ದೊಡ್ಡರೋಗ’ ಎನಿಸಿಕೊಂಡಿದ್ದ ರಿಂಡರ್‌ಪೆಸ್ಟ್. ಜ್ವರ ಬಂದ ದನದ ಬಾಯಿ ಹುಣ್ಣಾಗಿ, ಕಣ್ಣು ಮೂಗು ಸುರಿದು, ಭೇದಿ ಹತ್ತಿ, ವಾರ ಹತ್ತು ದಿನದಲ್ಲಿ ಕೊಟ್ಟಿಗೆ ಬರಿದಾಗುತ್ತಿತ್ತು. ಅದಕ್ಕೆ ಅಂದು ಇದ್ದ ಉಪಾಯವೂ ಒರಟಾದದ್ದೇ. ರೋಗ ಗೆದ್ದ ಗಟ್ಟಿಮುಟ್ಟು ದನಕ್ಕೆ ರೋಗದ ರಕ್ತವನ್ನೇ ಮತ್ತೆ ಹೆಚ್ಚಾಗಿ ಚುಚ್ಚುತ್ತಿದ್ದರು. ಅದರ ಮೈ ಎದುರು ನಿಂತು ಕಾದಾಡಿ ಪ್ರತಿಕಾಯ ತುಂಬಿಕೊಂಡ ಮೇಲೆ ರಕ್ತ ತೆಗೆದು ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಂತ ಸೀರಂ ಅನ್ನು ಸೀಸೆಗೆ ತುಂಬುತ್ತಿದ್ದರು. ರೋಗ ಬಂದ ಹಳ್ಳಿಗೆ ಆ ಸೀಸೆ ಹೋಗಬೇಕು. ಅದು ಕೊಡುತ್ತಿದ್ದ ರಕ್ಷಣೆ ಒಂದೆರಡು ವಾರದ್ದು; ಆದರೂ ಆ ಒಂದೆರಡು ವಾರದಲ್ಲಿ ಊರಿನ ಎತ್ತುಗಳು ಉಳಿದರೆ ಆ ವರ್ಷದ ಉಳುಮೆ ಉಳಿದಂತೆ.

ಅದೇ ದಶಕದ ಕೊನೆಯಲ್ಲಿ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಜೆ.ಟಿ. ಎಡ್ವರ್ಡ್ಸ್ ರಿಂಡರ್‌ಪೆಸ್ಟ್ ವೈರಸ್ಸನ್ನು ಆಡಿನಿಂದ ಆಡಿಗೆ ದಾಟಿಸುತ್ತಾ ಹೋದರು. ದಾಟಿದಷ್ಟೂ ಅದು ದನಗಳ ಮಟ್ಟಿಗೆ ಪಳಗಿತು. ಕೊಲ್ಲುವುದನ್ನು ಬಿಟ್ಟು ಕಾಪಾಡತೊಡಗಿತು. ಆಡಿನ ಗುಲ್ಮದಿಂದ ತಯಾರಾದ ಆ ಲಸಿಕೆ ದೇಶದ ತುಂಬ ಹರಡಿತು. ದೊಡ್ಡರೋಗವನ್ನು ಮಣಿಸಿದ ಕಥೆಯಲ್ಲಿ ಆಡಿನ ಋಣ ಎಷ್ಟಿದೆ ಎಂಬುದನ್ನು ಪಶುವೈದ್ಯರು ಬಲ್ಲರು, ಉಳಿದವರು ಮರೆತಿದ್ದಾರೆ. 2006ರಲ್ಲಿ ಭಾರತ ಈ ಸೋಂಕಿನಿಂದ ಮುಕ್ತವೆಂದು ಮನ್ನಣೆ ಪಡೆಯಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತು. ಸಿಡುಬಿನ ನಂತರ ಭೂಮಿಯಿಂದ ಅಳಿಸಿಹೋದ ಎರಡನೆಯ ರೋಗ ಅದು.

ಹೀಗೆ ಹೆಬ್ಬಾಳದ ಕೈ ಪಳಗಿದ್ದು ಅವಸರದ ಕಾಯಿಲೆಗಳ ಮೇಲೆ: ದೊಡ್ಡರೋಗ, ಚಪ್ಪೆರೋಗ, ಗಳಲೆ, ಕುರಿಗಳ ಕರುಳು ಬೇನೆ, ಕುರಿ ಸಿಡುಬು. ಒಂದು ವಾರ ತಡವಾದರೆ ಹಿಂಡೇ ಹೋಗುವಂಥವು. ಇದೇ ಕಾಲದಲ್ಲಿ ಜಗತ್ತಿನ ಇನ್ನೊಂದು ತುದಿಯಲ್ಲಿ ಕುರಿಗಳಿಗೆ ಬಂದ ಕಾಯಿಲೆಯೊಂದು ಪಶುವೈದ್ಯರಿಗೆ ಬೇರೆಯೇ ಪಾಠ ಕಲಿಸಿತು. ಅದಕ್ಕೆ ವರ್ಷಗಟ್ಟಲೆ ವ್ಯವಧಾನವಿತ್ತು.

ಆ ಪಾಠಕ್ಕೆ ಹೋಗುವ ಮುಂಚೆ ಈ ಸೀಮೆಯ ಕುರಿಗಳ ಮಾತು. ಬೆಂಗಳೂರಿನ ಉತ್ತರಕ್ಕೆ ಯಲಹಂಕ ದಾಟಿದರೆ ದೊಡ್ಡಬಳ್ಳಾಪುರ, ಅಲ್ಲಿಂದಾಚೆಗೆ ಶಿರಾ, ಚಿತ್ರದುರ್ಗ, ಚಳ್ಳಕೆರೆಯವರೆಗೂ ಮಳೆ ಕಡಿಮೆ, ಬಯಲು ಹೆಚ್ಚು. ಅದು ಕುರುಬರ, ಗೊಲ್ಲರ, ಹಟ್ಟಿಗಳ ಸೀಮೆ. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕನನ್ ಕುರುಬರ ಕುರಿಗಾರಿಕೆಯನ್ನೂ ಕಂಬಳಿ ನೇಯ್ಗೆಯನ್ನೂ ಬರೆದಿಟ್ಟಿದ್ದಾನೆ. ಇಂದು ಯಶವಂತಪುರದ ದಕ್ಷಿಣಕ್ಕೆ ಮನೆಗಳ ನಡುವೆ ಮುಳುಗಿಹೋಗಿರುವ ಕುರುಬರಹಳ್ಳಿ ಎಂಬ ಹೆಸರು ಆ ಬದುಕಿನದೇ ಉಳಿಕೆ. 1809ರಲ್ಲಿ ದಂಡು ಪ್ರದೇಶ ಎದ್ದು ನಿಂತ ಮೇಲೆ ಸಿಪಾಯಿಗಳಿಗೂ ಅಧಿಕಾರಿಗಳಿಗೂ ಮಾಂಸ ಬೇಕಾಯಿತು. ಕುರಿಗೆ ಗಿರಾಕಿ ಹೆಚ್ಚಿತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ನಾಡ ಕುರಿಯ ಉಣ್ಣೆ ಸುಧಾರಿಸಲು ಮೆರಿನೋ ಟಗರುಗಳನ್ನು ತರಿಸಿ ಮಿಶ್ರತಳಿ ಮಾಡುವ ಪ್ರಯತ್ನವೂ ನಡೆಯಿತು. ಹೊರಗಿನ ಟಗರು ಬಂದರೆ ಉಣ್ಣೆ ನಯವಾಗುತ್ತದೆ, ಮೈ ತುಂಬುತ್ತದೆ ಎಂಬ ಆಸೆ ಅಷ್ಟು ಹಳೆಯದು. ಅದೇ ಆಸೆ 1933ರಲ್ಲಿ ಐಸ್‌ಲ್ಯಾಂಡಿನವರಿಗೂ ಹುಟ್ಟಿತು.

ಐಸ್‌ಲ್ಯಾಂಡ್ ಅಂದಿಗೆ ಒಂದೂವರೆ ಲಕ್ಷವೂ ಜನರಿಲ್ಲದ ದ್ವೀಪ. ಜನರಿಗಿಂತ ಕುರಿಗಳೇ ಹೆಚ್ಚು. ಸಾವಿರ ವರ್ಷದಿಂದ ಹೊರಗಿನ ರಕ್ತ ಹೆಚ್ಚಾಗಿ ಬೆರೆಯದ ಕುರಿಗಳು. ಮರಿಗಳ ತುಪ್ಪಟಕ್ಕೆ ಒಳ್ಳೆಯ ಬೆಲೆ ಸಿಗುತ್ತದೆಂದು ಅವರು ಜರ್ಮನಿಯ ಹಾಲೆ ಪಟ್ಟಣದಿಂದ 20 ಕರಾಕುಲ್ ಕುರಿಗಳನ್ನು ತರಿಸಿದರು. ನೋಡಲು ಎಲ್ಲವೂ ಸರಿಯಾಗಿದ್ದವು. ಕ್ವಾರಂಟೈನ್‌ನಲ್ಲಿ ಎರಡು ತಿಂಗಳು ಬೇರೆ ಇಟ್ಟು, ಏನೂ ಕಾಣದಿದ್ದಾಗ ಬೇರೆ ಬೇರೆ ಹಿಂಡುಗಳಿಗೆ ಹಂಚಿದರು. ಆ ಕುರಿಗಳ ಜೊತೆ ಒಂದಲ್ಲ, ಮೂರು ನಿಧಾನದ ರೋಗಗಳು ಬಂದಿದ್ದವು. ಎರಡು ತಿಂಗಳ ಕ್ವಾರಂಟೈನ್‌ಗೆ ಅವುಗಳಲ್ಲಿ ಒಂದೂ ಸಿಕ್ಕಲಿಲ್ಲ.

1939ರ ಹೊತ್ತಿಗೆ ಅವುಗಳಲ್ಲೊಂದು ತಲೆ ಎತ್ತಿತು: ವಯಸ್ಸಾದ ಕುರಿಗಳು ಏದುಸಿರು ಬಿಡತೊಡಗಿದವು. ಮೇವು ತಿನ್ನುತ್ತಿದ್ದವು, ಆದರೂ ಸೊರಗುತ್ತಿದ್ದವು. ಹಿಂಡನ್ನು ಗುಡ್ಡದಿಂದ ಇಳಿಸುವಾಗ ಹಿಂದೆ ಬೀಳುತ್ತಿದ್ದವು. ಕೊಯ್ದು ನೋಡಿದರೆ ಶ್ವಾಸಕೋಶ ಮಾಮೂಲಿಗಿಂತ ಎರಡು ಮೂರು ಪಟ್ಟು ಭಾರ, ರಬ್ಬರಿನಂತೆ ಬಿಗಿ. ಇನ್ನು ಕೆಲವು ಕುರಿಗಳಲ್ಲಿ ಹಿಂಗಾಲು ಮೊದಲು ಸೋಲುತ್ತಿತ್ತು. ತಿಂಗಳುಗಟ್ಟಲೆ ಎಳೆದಾಡಿ ನೆಲ ಹಿಡಿಯುತ್ತಿದ್ದವು. ಏದುಸಿರಿನ ರೂಪವನ್ನು ಅಲ್ಲಿನ ರೈತರು ಮೇಡಿ ಎಂದರು, ಕಾಲು ಸೋಲುವ ರೂಪವನ್ನು ವಿಸ್ನಾ ಎಂದರು. ಎರಡಕ್ಕೂ ಕಾರಣ ಒಂದೇ ವೈರಸ್ ಎಂದು ಆಮೇಲೆ ತಿಳಿಯಿತು.

ಔಷಧಿ ಇರಲಿಲ್ಲ, ಲಸಿಕೆ ಇರಲಿಲ್ಲ. ಬೇಲಿ ಹಾಕಿ ಸೀಮೆಗಳನ್ನು ಬೇರ್ಪಡಿಸಿ, ರೋಗವಿದ್ದ ಸೀಮೆಯ ಕುರಿಗಳನ್ನೆಲ್ಲ ಕಡಿದು, ರೋಗ ಮುಟ್ಟದ ವಾಯವ್ಯದ ಕಡೆಯಿಂದ ಹೊಸ ಮರಿ ತಂದು ಬಿಡುವುದೊಂದೇ ದಾರಿ ಉಳಿಯಿತು. ಮೇಡಿಯಿಂದ ಸತ್ತವು ಸುಮಾರು 1,05,000 ಕುರಿಗಳು. ರೋಗ ಅಳಿಸಲೆಂದು ಕಡಿದವು ಸುಮಾರು 6,50,000. 1965ರಲ್ಲಿ ದ್ವೀಪ ಇದರಿಂದ ಬಿಡುಗಡೆ ಪಡೆಯಿತು. ತಂದಿದ್ದು ಇಪ್ಪತ್ತೇ ಕುರಿ ಎಂಬುದನ್ನು ನೆನೆದರೆ ಎದೆ ಕಲಕುತ್ತದೆ. ಒಂದು ಪೀಳಿಗೆಯ ಕುರಿಗಾರರು ತಮ್ಮ ಕೈಯಾರೆ ಸಾಕಿದ ಹಿಂಡನ್ನು, ಅದರಲ್ಲೂ ನೋಡಲು ಆರೋಗ್ಯವಾಗಿದ್ದವನ್ನೂ, ಕಳೆದುಕೊಳ್ಳಬೇಕಾಯಿತು.

ಈ ಸಾವುನೋವಿನ ನಡುವೆ ಕೆಲ್ದೂರ್ ಎಂಬಲ್ಲಿನ ಪ್ರಯೋಗಾಲಯದಲ್ಲಿ ಬ್ಯೋರ್ನ್ ಸಿಗುರ್ಡ್‌ಸನ್ ಎಂಬ ವಿಜ್ಞಾನಿ ಹೊಸ ಮಾತೊಂದನ್ನು ಆಡಿದ. ವೈರಸ್ ರೋಗವೆಂದರೆ ಬಂದು ಬಡಿದು ಹೋಗುವಂಥದ್ದು ಎಂಬುದು ಅಲ್ಲಿಯವರೆಗಿನ ತಿಳಿವಳಿಕೆ. 1954ರಲ್ಲಿ ಲಂಡನ್ನಿನ ಉಪನ್ಯಾಸಗಳಲ್ಲಿ ಆತ ‘ನಿಧಾನದ ಸೋಂಕು’ ಎಂಬ ಬೇರೆಯೇ ಪಂಗಡವನ್ನು ವಿವರಿಸಿದ: ಸೋಂಕು ತಗುಲಿ ತಿಂಗಳುಗಳೋ ವರ್ಷಗಳೋ ಸುಮ್ಮನಿರುತ್ತದೆ, ಒಮ್ಮೆ ಲಕ್ಷಣ ಕಂಡಿತೆಂದರೆ ಹಿಂದಿರುಗುವ ಮಾತಿಲ್ಲ. 1957ರಲ್ಲಿ ಅವನ ತಂಡ ವಿಸ್ನಾ ವೈರಸ್ಸನ್ನು ಬೇರ್ಪಡಿಸಿತು. ಎರಡು ವರ್ಷದ ನಂತರ, 46ರ ವಯಸ್ಸಿಗೇ ಆತ ತೀರಿಕೊಂಡ. ಆ ಪಂಗಡದ ವೈರಸ್‌ಗಳಿಗೆ ಲೆಂಟಿವೈರಸ್ ಎಂಬ ಹೆಸರು ನಿಂತಿತು.

ಆಡುಗಳ ಸರದಿ ಅಮೆರಿಕದಲ್ಲಿ ಬಂತು. ಹಾಲಿಗೆ ಸಾಕುವ ಸಾನೆನ್, ಆಲ್ಪೈನ್‌ನಂಥ ಆಡುಗಳ ಎಳೆ ಮರಿಗಳು ಹಿಂಗಾಲು ಸೋತು ಬೀಳುವುದನ್ನು 1974ರಲ್ಲಿ ಲಿಂಡಾ ಕಾರ್ಕ್ ಮತ್ತು ಸಂಗಡಿಗರು ವರದಿ ಮಾಡಿದರು. ದೊಡ್ಡ ಆಡುಗಳಲ್ಲಿ ಅದೇ ಸೋಂಕು ಮುಂಗಾಲಿನ ಮಂಡಿ ಊದಿಸುತ್ತಿತ್ತು. ಮಂಡಿ ದಪ್ಪಗಾಗಿ, ಆಡು ಮುಂಗಾಲು ಮಡಿಚಿ ಮಂಡಿಯ ಮೇಲೇ ನಡೆದು ಮೇಯುವ ಸ್ಥಿತಿ. ಕರು ಹಾಕಿದ ಹಸುವಿಗೆ ಕೆಚ್ಚಲು ಬಾವು ಬಂದಾಗ ಹಾಲು ಕೆಡುವುದು ರೈತರಿಗೆ ಗೊತ್ತು. ಈ ಆಡುಗಳ ಕೆಚ್ಚಲು ಮರಿ ಹಾಕಿದ ದಿನವೇ ಕಲ್ಲಾಗಿರುತ್ತಿತ್ತು, ಹಾಲು ಕೆಟ್ಟಿರುತ್ತಿರಲಿಲ್ಲ, ಇಳಿಯುತ್ತಲೇ ಇರಲಿಲ್ಲ. 1980ರಲ್ಲಿ ಅದರ ವೈರಸ್ ಸಿಕ್ಕಿತು. ಆಡುಗಳ ಸಂಧಿವಾತ-ಮಿದುಳುರಿ ರೋಗ, ಇಂಗ್ಲಿಷಿನ ಮೊದಲಕ್ಷರಗಳಲ್ಲಿ ಸಿಎಇ, ಎಂದು ಪಠ್ಯಪುಸ್ತಕ ಸೇರಿತು. ಕುರಿಯ ವೈರಸ್, ಆಡಿನ ವೈರಸ್ ಎಂದು ಬೇರೆ ಬೇರೆ ಹೆಸರಿದ್ದರೂ ಅವು ಕುರಿಯಿಂದ ಆಡಿಗೆ, ಆಡಿನಿಂದ ಕುರಿಗೆ ದಾಟುತ್ತವೆ ಎಂಬುದು ಈಗ ಖಚಿತ. ಮನುಷ್ಯರಿಗೆ ಅಂಟುವುದಿಲ್ಲ.

ಮನುಷ್ಯರ ವೈದ್ಯಕ್ಕೂ ಈ ಕುರಿಗಳ ವಿದ್ಯೆ ನೆರವಾಯಿತು. 1983ರಲ್ಲಿ ಪ್ಯಾರಿಸ್ಸಿನಲ್ಲಿ ಏಡ್ಸ್ ವೈರಸ್ ಸಿಕ್ಕಾಗ ಅದು ಯಾವ ಕುಲದ್ದೆಂದು ಜಗಳ ನಡೆದಿತ್ತು. 1985ರ ವೇಳೆಗೆ ಅದು ವಿಸ್ನಾದ ದಾಯಾದಿ ಎಂಬುದು ಸ್ಪಷ್ಟವಾಯಿತು. ಮೂರು ದಶಕ ಮೊದಲೇ ಕುರಿಗಳಲ್ಲಿ ಈ ನಡೆಯನ್ನು ನೋಡಿ ಬರೆದಿಟ್ಟಿದ್ದವರು ಇದ್ದರು.

ಈ ವೈರಸ್ ನೆಲೆಸುವ ಜಾಗವೇ ಅದರ ಗುಟ್ಟು. ಸೋಂಕಿನ ಮೇಲೆ ಕಾವಲು ಕಾಯಬೇಕಾದ ಬಿಳಿ ರಕ್ತಕಣಗಳಲ್ಲೇ ಅದು ಹೊಕ್ಕು, ತನ್ನ ವಂಶವಾಹಿಯನ್ನು ಪ್ರಾಣಿಯ ವಂಶವಾಹಿಗೆ ಹೊಲಿದುಬಿಡುತ್ತದೆ. ಮೈ ಪ್ರತಿಕಾಯ ತಯಾರಿಸುತ್ತದೆ, ಆದರೆ ಆ ಪ್ರತಿಕಾಯಕ್ಕೆ ವೈರಸ್ಸನ್ನು ಓಡಿಸುವ ಶಕ್ತಿಯಿಲ್ಲ. ಒಮ್ಮೆ ತಗುಲಿದರೆ ಆಯುಷ್ಯಪೂರ್ತಿ. ಸೋಂಕಿದ ಕಣಗಳು ಗಿಣ್ಣಿನಲ್ಲೂ ಹಾಲಿನಲ್ಲೂ ಇಳಿದು ಮರಿಗೆ ಸೇರುತ್ತವೆ. ಮರಿಗೆ ಜೀವ ತುಂಬಬೇಕಾದ ಮೊದಲ ಗುಟುಕೇ ಕಾಯಿಲೆಯ ಹಾದಿಯಾಗುತ್ತದೆ. ಇನ್ನೊಂದು ಹಾದಿ ಉಸಿರು: ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ಮೂತಿಗೆ ಮೂತಿ ತಾಗಿಸಿ ನಿಂತಾಗ.

ಇಲ್ಲಿ ಕರ್ನಾಟಕದ ಕುರಿಗಾರಿಕೆಯ ಹಳೆಯ ಪದ್ಧತಿಯನ್ನು ಗಮನಿಸಬೇಕು. ಐಸ್‌ಲ್ಯಾಂಡಿನ ಕುರಿ ಉದ್ದನೆಯ ಚಳಿಗಾಲವನ್ನು ಮುಚ್ಚಿದ ಕೊಟ್ಟಿಗೆಯೊಳಗೆ ಕಳೆಯುತ್ತದೆ. ನಮ್ಮ ಬಯಲುಸೀಮೆಯ ಮಂದೆ ವರ್ಷಪೂರ್ತಿ ಆಕಾಶದ ಕೆಳಗೆ. ಹಗಲು ಮೇವು, ರಾತ್ರಿ ಗೊಬ್ಬರಕ್ಕೆಂದು ಯಾರದೋ ಹೊಲದಲ್ಲಿ ತಂಗುವುದು, ಸುತ್ತ ಬಲೆ ಇಲ್ಲವೇ ಮುಳ್ಳಿನ ರೊಪ್ಪ. ಮರಿ ತನ್ನ ತಾಯಿಯ ಮೊಲೆಯನ್ನೇ ಉಣ್ಣುತ್ತದೆ. ಹತ್ತಾರು ಆಡಿನ ಹಾಲು ಒಂದೇ ಪಾತ್ರೆಗೆ ಸುರಿದು ಮರಿಗಳಿಗೆ ಕುಡಿಸುವ ಡೇರಿ ಪದ್ಧತಿ ಇಲ್ಲ. ತಾಯಿ ಸತ್ತ ಮರಿಯನ್ನು ಬೇರೆ ಕುರಿಗೆ ಬಿಟ್ಟು ಊಡಿಸುವುದುಂಟು, ಅದೂ ಅಪರೂಪಕ್ಕೆ. ಉಸಿರಿನ ಹಾದಿ ಹೀಗೆ ಕಿರಿದಾಗುತ್ತದೆ. ಹಾಲಿನ ಹಾದಿಯೂ ತಾಯಿ-ಮರಿಯ ಮಟ್ಟಿಗೆ ನಿಲ್ಲುತ್ತದೆ. ಕುರುಬರ, ಗೊಲ್ಲರ ಈ ಪದ್ಧತಿಯನ್ನು ಹಿಂದುಳಿದದ್ದೆಂದು ಕರೆದ ವರದಿಗಳನ್ನು ಓದುವಾಗ ಈ ಮಾತು ನೆನಪಿರಬೇಕು.

ಹಾಗೆಂದು ಸೋಂಕು ಇಲ್ಲಿ ಇರಲಾರದು ಎನ್ನುವಂತಿಲ್ಲ. ಭಾರತದ ಆಡುಗಳ ರಕ್ತದಲ್ಲಿ ಈ ವೈರಸ್‌ನ ಗುರುತು ಕಂಡ ವರದಿಗಳು ಬಂದಿವೆ. ಹಿಂಡಿನೊಳಗೆ ಅದು ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ಸಂತೆ. ಅನುಭವಿ ಕುರಿಗಾರ ಬೆಳಗ್ಗೆ ಮಂದೆ ಎಬ್ಬಿಸುವಾಗಲೇ ಯಾವುದು ತಡವಾಗಿ ಎದ್ದಿತು, ಯಾವುದು ಹಿಂದೆ ಉಳಿಯಿತು ಎಂದು ನೋಡುತ್ತಾನೆ. ಬೆನ್ನ ಮೇಲೆ ಕೈ ಇಟ್ಟು ಮೂಳೆ ತಡವುತ್ತಾನೆ. ಮೇವು ತಿಂದರೂ ಮೈ ಹತ್ತದ ಕುರಿಯನ್ನು ಇಟ್ಟುಕೊಳ್ಳುವವರು ಯಾರು? ಮುಂದಿನ ವಾರದ ಸಂತೆಗೆ ಅದು ಹೋಗುತ್ತದೆ, ಅಲ್ಲಿಂದ ಕಸಾಯಿಖಾನೆಗೆ. ಮೂರು ನಾಲ್ಕು ವರ್ಷ ಕಾದು ಲಕ್ಷಣ ತೋರಿಸುವ ಕಾಯಿಲೆಗೆ ಲಕ್ಷಣ ತೋರಿಸುವ ಅವಕಾಶವೇ ಸಿಗುವುದಿಲ್ಲ. ಆ ಕುರಿ ಹಾಕಿದ ಮರಿಗಳು ಮಾತ್ರ ಹಿಂಡಿನಲ್ಲಿ ಉಳಿದಿರುತ್ತವೆ.

ಅವಸರದ ಕಾಯಿಲೆಗಳೂ ಬಿಡುವು ಕೊಡಲಿಲ್ಲ. 1987ರಲ್ಲಿ ತಮಿಳುನಾಡಿನ ಅರಸೂರಿನಲ್ಲಿ ಕುರಿಗಳು ದೊಡ್ಡರೋಗದಂಥದೇ ಲಕ್ಷಣಗಳಿಂದ ಸತ್ತವು. ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎಸ್. ಶೈಲಾ ಮತ್ತು ಸಂಗಡಿಗರು 1989ರಲ್ಲಿ ಅದು ದೊಡ್ಡರೋಗವಲ್ಲ, ಅದರ ದಾಯಾದಿಯಾದ ಪಿಪಿಆರ್ ಎಂದು ಪ್ರಕಟಿಸಿದರು. ಭಾರತದಲ್ಲಿ ಆ ರೋಗದ ಮೊದಲ ವರದಿ ಅದು. ಮುಂದಿನ ವರ್ಷಗಳಲ್ಲಿ ಪಿಪಿಆರ್ ದೇಶದ ಉದ್ದಗಲಕ್ಕೂ ಹಿಂಡುಗಳನ್ನು ಕಾಡಿತು. ಕುರಿಗಳ ಮೇಲಿನ ಗಮನ, ಹಣ, ಲಸಿಕೆ ಎಲ್ಲವೂ ಅತ್ತ ಹರಿದದ್ದು ಸಹಜವೇ ಆಗಿತ್ತು.

ಅದೇ 1987ರಲ್ಲಿ ಹೆಬ್ಬಾಳದಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ಶುರುವಾಗಿತ್ತು. ಪ್ರಾಣಿರೋಗಗಳ ಮೇಲೆ ದೇಶಮಟ್ಟದಲ್ಲಿ ನಿಗಾ ಇಡುವ ಸಂಘಟಿತ ಸಂಶೋಧನಾ ಯೋಜನೆ ಅದು. 2000ದಲ್ಲಿ ಅದು ನಿರ್ದೇಶನಾಲಯವಾಯಿತು, 2013ರಲ್ಲಿ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆಯಾಯಿತು. ಈಗ ಯಲಹಂಕದ ರಾಮಗೊಂಡನಹಳ್ಳಿಯಲ್ಲಿ ಅದರ ನೆಲೆ. ಕುರಿ ಸಿಡುಬು, ನೀಲಿ ನಾಲಿಗೆ, ಕರುಳು ಬೇನೆ, ಪಿಪಿಆರ್ ಮುಂತಾದವು ಯಾವ ಜಿಲ್ಲೆಗೆ ಬರಬಹುದೆಂದು ಮಳೆ ಬಿಸಿಲಿನ ಲೆಕ್ಕ ಹಾಕಿ ಮುನ್ಸೂಚನೆ ಕೊಡುವುದು ಅದರ ಹೆಸರಾದ ಕೆಲಸ. ನಿಧಾನದ ಕಾಯಿಲೆಗೆ ಮಳೆಗಾಲ, ಬೇಸಿಗೆ ಎಂಬ ಲೆಕ್ಕವಿಲ್ಲ. ಅದಕ್ಕೆ ಬೇಕಾದದ್ದು ಆ ಸಂಸ್ಥೆಯ ಇನ್ನೊಂದು ಆಸ್ತಿ: ದೇಶದ ಊರೂರುಗಳಿಂದ ಬಂದ ಸೀರಂ ಮಾದರಿಗಳನ್ನು ಶೈತ್ಯದಲ್ಲಿ ಕಾಪಿಟ್ಟ ಭಂಡಾರ.

ಮಾದರಿ ಹುಟ್ಟುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಕುರಿಗಾರ ಕುರಿಯನ್ನು ಎರಡು ಕಾಲ ನಡುವೆ ಇರುಕಿ, ಗದ್ದ ಹಿಡಿದು ಕತ್ತು ಪಕ್ಕಕ್ಕೆ ತಿರುಗಿಸುತ್ತಾನೆ. ಪಶುವೈದ್ಯರು ಉಣ್ಣೆ ಸರಿಸಿ, ಕತ್ತಿನ ಬುಡವನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಉಬ್ಬಿದ ನರಕ್ಕೆ ಸೂಜಿ. ನಾಲ್ಕೈದು ಮಿಲಿಲೀಟರ್ ರಕ್ತ ಕೆಂಪು ಮುಚ್ಚಳದ ಕೊಳವೆಗೆ ಬರುತ್ತದೆ. ಕೊಳವೆಯನ್ನು ಓರೆಯಾಗಿ ಮಲಗಿಸಿ ನೆರಳಲ್ಲಿಟ್ಟರೆ ಗಂಟೆ ಕಳೆಯುವಷ್ಟರಲ್ಲಿ ಹೆಪ್ಪು ಒಂದು ಕಡೆ ಸರಿದು ಸೀರಂ ಬಿಟ್ಟುಕೊಡುತ್ತದೆ. ಬಿಸಿಲಲ್ಲಿಟ್ಟರೆ, ಜೀಪಿನಲ್ಲಿ ಕುಲುಕಿದರೆ ರಕ್ತಕಣ ಒಡೆದು ಸೀರಂ ಕೆಂಪಾಗುತ್ತದೆ, ಮಾದರಿ ಹಾಳು. ಲ್ಯಾಬಿಗೆ ಬಂದ ಮೇಲೆ 96 ಕುಳಿಗಳ ತಟ್ಟೆಯಲ್ಲಿ ಎಲೈಸಾ ಪರೀಕ್ಷೆ. ಪ್ರತಿಕಾಯವಿದ್ದ ಕುಳಿಯಲ್ಲಿ ಬಣ್ಣ ಏಳುತ್ತದೆ. ಶತಮಾನದ ಹಿಂದೆ ಬೆಂಗಳೂರಿನ ಸೀರಂ ಹಳ್ಳಿಯ ದನಕ್ಕೆ ಮದ್ದಾಗಿ ಹೋಗುತ್ತಿತ್ತು. ಇಂದು ಹಳ್ಳಿಯ ಕುರಿಯ ಸೀರಂ ಯಲಹಂಕಕ್ಕೆ ಸಾಕ್ಷಿಯಾಗಿ ಬರುತ್ತದೆ. ಹಳೆಯ ಮಾದರಿ ಭದ್ರವಾಗಿದ್ದರೆ ಇಂದು ಹುಟ್ಟಿದ ಪ್ರಶ್ನೆಗೂ ಅದನ್ನು ತೆರೆದು ಉತ್ತರ ಹುಡುಕಬಹುದು. ವರ್ಷಗಟ್ಟಲೆ ಅಡಗುವ ರೋಗವನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಸಾಧನ ಕಾಣದು.

ಈ ಸಾಧನ ಈಗ ಹೆಚ್ಚು ಬೇಕಾಗಿದೆ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 1 ಕೋಟಿ 11 ಲಕ್ಷದಷ್ಟು ಕುರಿ, 61 ಲಕ್ಷಕ್ಕೂ ಮೀರಿ ಆಡುಗಳಿವೆ. ಕುರಿ ಸಂಖ್ಯೆಯಲ್ಲಿ ತೆಲಂಗಾಣ, ಆಂಧ್ರದ ನಂತರದ ಸ್ಥಾನ ನಮ್ಮದು. ಸಾಕುವ ರೀತಿ ಬದಲಾಗುತ್ತಿದೆ. ಮೇಯಲು ಬಿಟ್ಟ ಬಯಲು ಲೇಔಟ್ ಆಗಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಸುತ್ತ ಅಟ್ಟಣಿಗೆ ಹಾಕಿದ ಶೆಡ್ಡಿನಲ್ಲಿ ಕಟ್ಟಿ ಮೇಯಿಸುವ ಫಾರಂಗಳು ಎದ್ದಿವೆ. ಅಂಥ ಕಡೆ ಡಾರ್ಪರ್, ಬೋಯರ್, ಸಾನೆನ್‌ಗಳ ಆಸೆಯೂ ಬಲವಾಗಿದೆ. ಇಕ್ಕಟ್ಟಾದ ಶೆಡ್ಡು, ದೂರದಿಂದ ತಂದ ಟಗರು, ಒಟ್ಟುಗೂಡಿಸಿ ಕುಡಿಸುವ ಹಾಲು: 1933ರಲ್ಲಿ ಐಸ್‌ಲ್ಯಾಂಡಿನಲ್ಲೂ 1970ರ ದಶಕದ ಅಮೆರಿಕದಲ್ಲೂ ಈ ವೈರಸ್‌ಗೆ ನೆರವಾದ ಮೂರೂ ಇಲ್ಲಿ ಒಂದೇ ಸೂರಿನಡಿ ಸೇರುವ ಕಾಲ ಬಂದಿದೆ. ಹಳೆಯ ಬಯಲು ಪದ್ಧತಿ ತಾನಾಗಿ ಕೊಡುತ್ತಿದ್ದ ರಕ್ಷಣೆಯನ್ನು ಈ ಫಾರಂಗಳು ದುಡ್ಡು ಕೊಟ್ಟು ಕೊಳ್ಳಬೇಕು.

ಹೊರದೇಶದಿಂದ ಬರುವ ಪ್ರಾಣಿಗೆ ತಡೆಗಳಿವೆ. ಬೆಂಗಳೂರಿಗೆ ಬರುವವಕ್ಕೆ ಹೆಸರಘಟ್ಟದ ಕಡೆ ಕೇಂದ್ರ ಸರ್ಕಾರದ ಕ್ವಾರಂಟೈನ್ ಕೇಂದ್ರವಿದೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆ 2009ರಲ್ಲಿ ಬಂದ ಕಾನೂನಿನ ಪಟ್ಟಿಯಲ್ಲಿ ಮೇಡಿ-ವಿಸ್ನಾವೂ ಸಿಎಇಯೂ ಹೆಸರು ಹೇಳಿ ಸೇರಿವೆ. ದೇಶದೊಳಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಲಾರಿಯಲ್ಲಿ ಬರುವ ತಳಿ ಟಗರಿನ ಮೇಲೆ ಅಷ್ಟು ಕಣ್ಣಿಲ್ಲ. ಕೊಳ್ಳುವವರು ಹಲ್ಲು ನೋಡುತ್ತಾರೆ, ತೂಕ ನೋಡುತ್ತಾರೆ, ರಕ್ತ ನೋಡುವುದಿಲ್ಲ.

ಹಾಲಿನ ಆಡು ಸಾಕುವ ದೇಶಗಳಲ್ಲಿ ರೂಢಿಯಾದ ಕ್ರಮ ಕಷ್ಟದ್ದೇನಲ್ಲ. ಮರಿ ನೆಲಕ್ಕೆ ಬಿದ್ದ ಕೂಡಲೇ, ತಾಯಿ ನೆಕ್ಕುವ ಮುಂಚೆ, ಬೇರೆ ಮಾಡುತ್ತಾರೆ. ಗಿಣ್ಣನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಟ್ಟು ಕುಡಿಸುತ್ತಾರೆ. ಆ ಶಾಖಕ್ಕೆ ವೈರಸ್ ಸಾಯುತ್ತದೆ, ಮರಿಗೆ ಬೇಕಾದ ಪ್ರತಿಕಾಯ ಉಳಿಯುತ್ತದೆ. ಕುದಿಸಿದರೆ ಗಿಣ್ಣು ಗಟ್ಟಿಯಾಗಿ ಕೆಲಸಕ್ಕೆ ಬಾರದು. ಆಮೇಲೆ ಪಾಶ್ಚರೀಕರಿಸಿದ ಹಾಲು. ಹಿಂಡಿನ ಆಡುಗಳಿಗೆಲ್ಲ ವರ್ಷಕ್ಕೆ ಎರಡು ಬಾರಿ ರಕ್ತ ಪರೀಕ್ಷೆ, ಸೋಂಕು ಕಂಡದ್ದನ್ನು ಬೇರೆ ಕೊಟ್ಟಿಗೆಗೆ ಹಾಕುವುದು. ತಾಯಿ ಹಾಲಿನ ಮೂಲಕ ಸೋಂಕಿನ ಪ್ರತಿಕಾಯವೂ ಮರಿಗೆ ಬಂದಿರುವುದರಿಂದ ತೀರ ಎಳೆ ಮರಿಯ ಪರೀಕ್ಷೆ ದಾರಿ ತಪ್ಪಿಸುತ್ತದೆ; ಆರು ತಿಂಗಳು ಕಳೆದ ಮೇಲೆ ಮಾಡಿಸುವುದು ಸರಿ. ದೊಡ್ಡ ಟಗರನ್ನೋ ಹೋತವನ್ನೋ ಕೊಂಡಾಗ ಒಂದು ಸಲ ಸೋಂಕಿಲ್ಲವೆಂದು ಬಂದ ಕಾಗದ ಸಾಲದು. ಸೋಂಕು ತಗುಲಿದ ಮೇಲೆ ಪ್ರತಿಕಾಯ ಏಳಲು ತಿಂಗಳುಗಳೇ ಬೇಕಾಗುವುದರಿಂದ, ಅದನ್ನು ಹಿಂಡಿಗೆ ಬಿಡದೆ ಬೇರೆಯೇ ಕಟ್ಟಿ, ಕೆಲವು ತಿಂಗಳ ನಂತರ ಎರಡನೆಯ ಸಲ ರಕ್ತ ಕೊಡಿಸಬೇಕು.